ಇಂಗ್ಲೆಂಡಿನ ಮಧ್ಯಯುಗದ ಊರ ಚರ್ಚನ್ನು ಓದುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನ ಹಳ್ಳಿಯೊಂದರ ಹಳೆಯ ಚರ್ಚಿನ ಮುಂದೆ ನಿಂತವರು ಮೊದಲು ಕೇಳುವ ಪ್ರಶ್ನೆ: ಇದು ಯಾವ ಶತಮಾನದ ಕಟ್ಟಡ? ಇದಕ್ಕೆ ಒಂದೇ ಮಾತಿನ ಉತ್ತರ ಸಿಗುವುದು ಅಪರೂಪ. ಗೋಡೆ ಹನ್ನೆರಡನೆಯ ಶತಮಾನದ್ದಾಗಿದ್ದರೆ ಅದನ್ನು ಒಡೆದು ಕೂರಿಸಿದ ಕಿಟಕಿ ಹದಿನಾಲ್ಕನೆಯದು, ಛಾವಣಿ ಹದಿನೈದನೆಯದು, ನೆಲದ ಹಂಚು ವಿಕ್ಟೋರಿಯಾ ರಾಣಿಯ ಕಾಲದ್ದು. ತಲೆಮಾರುಗಳ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯಂತಹ ಕಟ್ಟಡ ಇದು. ಹಾಗಾಗಿ ಶೈಲಿಗಳ ಹೆಸರನ್ನು ಬಾಯಿಪಾಠ ಮಾಡಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಒಂದು ಕಾಲದ ಕೆಲಸ ಇನ್ನೊಂದು ಕಾಲದ ಕೆಲಸಕ್ಕೆ ತಾಗುವ ಕೂಡುಗೆರೆಯನ್ನು ಗುರುತಿಸಲು ಕಲಿತರೆ ಉಳಿದರ್ಧವೂ ಕೈಗೆ ಬರುತ್ತದೆ. ಈ ಮಾರ್ಗದರ್ಶಿಯ ಗಮನವೆಲ್ಲ ಆ ಗೆರೆಗಳ ಮೇಲೆ.

ಚರ್ಚ್ ಆಫ್ ಇಂಗ್ಲೆಂಡಿನ ಕೈಯಲ್ಲಿ ಸುಮಾರು 16,000 ಚರ್ಚುಗಳಿವೆ. ಅವುಗಳಲ್ಲಿ 12,000ಕ್ಕೂ ಹೆಚ್ಚು ಕಾನೂನಿನ ರಕ್ಷಣೆಯುಳ್ಳ ಪಾರಂಪರಿಕ ಕಟ್ಟಡಗಳು. ಓದಿಗೋ ಕೆಲಸಕ್ಕೋ ಹೋಗಿ ಅಲ್ಲಿ ನೆಲೆಸಿದ ಕನ್ನಡಿಗರು ವಾರಾಂತ್ಯದಲ್ಲಿ ಕೋಟೆ, ಅರಮನೆ, ಕ್ಯಾಥೆಡ್ರಲ್ ಎಂದು ಟಿಕೆಟ್ ಕೊಂಡು ಸುತ್ತುತ್ತಾರೆ. ಮನೆಯಿಂದ ಕೆಲವೇ ಮೈಲಿ ದೂರದಲ್ಲಿ, ಪ್ರವೇಶಕ್ಕೆ ಕಾಸು ಕೇಳದೆ ಎಂಟುನೂರು ವರ್ಷಗಳ ಚರಿತ್ರೆ ಬಾಗಿಲು ತೆರೆದು ಕುಳಿತಿರುತ್ತದೆ. ಅತ್ತ ತಲೆ ಹಾಕುವವರು ಕಡಿಮೆ.

ಹಂತ 1: ಎಲ್ಲಿಂದ ಶುರು, ಕೈಯಲ್ಲಿ ಏನಿರಬೇಕು

ಕ್ಯಾಥೆಡ್ರಲ್‌ನಿಂದ ಶುರು ಮಾಡಬೇಡಿ. ಅಲ್ಲಿ ಎಲ್ಲವೂ ದೊಡ್ಡದು, ಕಣ್ಣು ಸೋತುಹೋಗುತ್ತದೆ. ಮೊದಲ ಪಾಠಕ್ಕೆ ಸರಳ ನಕ್ಷೆಯ ಚಿಕ್ಕ ಚರ್ಚೇ ಸರಿ. ಹೆರೆಫರ್ಡ್‌ಶೈರ್‌ನ ಕಿಲ್‌ಪೆಕ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸುಮಾರು 1140ರಲ್ಲಿ ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದ ಈ ಚರ್ಚಿನಲ್ಲಿ ಒಂದರ ಹಿಂದೆ ಒಂದು ಮೂರು ಕೋಣೆಗಳಿವೆ. ಜನರು ನಿಲ್ಲುವ ನೇವ್, ಪಾದ್ರಿಯ ಚಾನ್ಸೆಲ್, ಕೊನೆಯಲ್ಲಿ ಅರ್ಧವೃತ್ತಾಕಾರದ ಏಪ್ಸ್. ಪೂರ್ವ ದಿಕ್ಕಿಗೆ ಬಲಿಪೀಠ, ಅಂದರೆ ಪಾದ್ರಿ ಪೂಜೆ ನಡೆಸುವ ಮೇಜು, ಪಶ್ಚಿಮಕ್ಕೆ ಜನ. ಮಧ್ಯಯುಗದ ಹೆಚ್ಚುಕಡಿಮೆ ಎಲ್ಲ ಚರ್ಚುಗಳ ಮೂಲವಿನ್ಯಾಸ ಇದೇ. ಉಳಿದದ್ದೆಲ್ಲ ಇದಕ್ಕೆ ಸೇರಿಸಿದ್ದು.

ಬೈನಾಕ್ಯುಲರ್, ಟಾರ್ಚ್, ಚೌಕುಳಿ ಕಾಗದದ ಪುಸ್ತಕ, ಪೆನ್ಸಿಲ್ ಇವಿಷ್ಟು ಸಾಕು. ದಿಕ್ಸೂಚಿ ಮೊಬೈಲಿನಲ್ಲೇ ಇದೆ. ಬೇಸಿಗೆಯಲ್ಲೂ ಒಂದು ಸ್ವೆಟರ್ ಇಟ್ಟುಕೊಳ್ಳಿ, ದಪ್ಪ ಕಲ್ಲುಗೋಡೆಯ ಒಳಗೆ ಹೊರಗಿಗಿಂತ ಥಂಡಿ. ಭಾನುವಾರ ಬೆಳಗ್ಗೆ ಪ್ರಾರ್ಥನೆ ನಡೆಯುತ್ತಿರುತ್ತದೆ, ಆಗ ಹೋದರೆ ಹಿಂದಿನ ಬೆಂಚಿನಲ್ಲಿ ಕುಳಿತು ಮುಗಿಯುವವರೆಗೆ ಕಾಯುವುದು ಮರ್ಯಾದೆ. ಬೀಗ ಹಾಕಿದ್ದರೆ ಮುಖಮಂಟಪದ ಸೂಚನಾ ಫಲಕದಲ್ಲಿ ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಸಾಮಾನ್ಯವಾಗಿ ಬರೆದಿರುತ್ತಾರೆ.

ಹಂತ 2: ಒಳಗೆ ಹೋಗುವ ಮೊದಲು ಒಂದು ಪ್ರದಕ್ಷಿಣೆ

ಬಾಗಿಲು ಕಂಡೊಡನೆ ಒಳಗೆ ನುಗ್ಗುವುದು ಎಲ್ಲರ ಅಭ್ಯಾಸ. ತಡೆಯಿರಿ. ಗೋಡೆಗಳ ಹೊರಮೈ ಒಳಗಿನದಕ್ಕಿಂತ ಹೆಚ್ಚು ಸತ್ಯ ಹೇಳುತ್ತದೆ, ಏಕೆಂದರೆ ಒಳಗೆ ಗಾರೆ ಮತ್ತು ಸುಣ್ಣ ಕೂಡುಗೆರೆಗಳನ್ನು ಮುಚ್ಚಿಬಿಟ್ಟಿರುತ್ತವೆ.

ಮೊದಲು ಕಲ್ಲನ್ನು ನೋಡಿ. ಮಧ್ಯಯುಗದಲ್ಲಿ ಕಲ್ಲಿನ ಬೆಲೆಗಿಂತ ಸಾಗಣೆಯ ವೆಚ್ಚವೇ ದುಬಾರಿಯಾಗಿದ್ದುದರಿಂದ ಗೋಡೆಯೇ ಆ ಪ್ರದೇಶದ ಭೂವಿಜ್ಞಾನದ ನಕ್ಷೆ. ಕಾಟ್ಸ್‌ವೋಲ್ಡ್ಸ್‌ನಲ್ಲಿ ಜೇನುಬಣ್ಣದ ಸುಣ್ಣಗಲ್ಲು, ನಾರ್ಥಾಂಪ್ಟನ್‌ಶೈರ್‌ನಲ್ಲಿ ತುಕ್ಕುಬಣ್ಣದ ಕಬ್ಬಿಣಗಲ್ಲು, ನಾರ್ಫೋಕ್ ಮತ್ತು ಸಫೋಕ್‌ಗಳಲ್ಲಿ ಹೊಲದಿಂದ ಆರಿಸಿದ ಫ್ಲಿಂಟ್ ಎಂಬ ಗಡಸು ಕಲ್ಲಿನ ಉಂಡೆಗಳು. ನಾರ್ಫೋಕ್‌ನಲ್ಲಿ ನೂರಕ್ಕೂ ಹೆಚ್ಚು ಚರ್ಚುಗಳ ಗೋಪುರ ದುಂಡಾಗಿದೆ. ಮೂಲೆ ಕಟ್ಟಲು ಬೇಕಾದ ದೊಡ್ಡ ಕಲ್ಲು ಅಲ್ಲಿ ಸಿಗದೆ ದುಂಡಗೆ ಕಟ್ಟಿದರು ಎಂಬುದು ಪ್ರಚಲಿತ ವಿವರಣೆ. ಅದೇ ಗೋಪುರದ ಪಕ್ಕದ ನೇವ್‌ಗೆ ನಾಲ್ಕು ಮೂಲೆಗಳು ಹೇಗೋ ಸಿಕ್ಕಿವೆಯಲ್ಲ ಎಂಬ ಅನುಮಾನ ನನಗಂತೂ ಉಳಿದಿದೆ.

ಆ ಪ್ರದೇಶಕ್ಕೆ ಸೇರದ ಕಲ್ಲು ಕಂಡರೆ ಅಲ್ಲೊಂದು ಕಥೆ ಇದೆ. ಡರ್ಹಮ್ ಪ್ರಾಂತ್ಯದ ಎಸ್ಕೋಂಬ್ ಚರ್ಚು ಏಳನೆಯ ಶತಮಾನದ್ದು. ಅದನ್ನು ಕಟ್ಟಿದ ಆಂಗ್ಲೋ ಸ್ಯಾಕ್ಸನ್ನರು ಹತ್ತಿರದ ಬಿಂಚೆಸ್ಟರ್ ರೋಮನ್ ಕೋಟೆಯ ಕಲ್ಲುಗಳನ್ನು ಹೊತ್ತು ತಂದರು. ಉತ್ತರ ಗೋಡೆಯಲ್ಲಿ ಆರನೆಯ ರೋಮನ್ ಲೀಜನ್ ಎಂಬ ಸೇನಾದಳದ ಗುರುತಿರುವ ಕಲ್ಲೊಂದು ತಲೆಕೆಳಗಾಗಿ ಕುಳಿತಿದೆ. ಕಟ್ಟಿದವನಿಗೆ ಅದು ಅಕ್ಷರವಾಗಿ ಕಂಡಿರಲಿಕ್ಕಿಲ್ಲ, ಒಳ್ಳೆಯ ಚಪ್ಪಡಿಯಾಗಿ ಕಂಡಿರಬೇಕು.

ನಡೆಯುತ್ತ ಹೋಗುವಾಗ ಇವನ್ನು ಗುರುತು ಹಾಕಿಕೊಳ್ಳಿ: ಕಲ್ಲಿನ ಸಾಲು ಹಠಾತ್ತನೆ ಮುರಿದು ಮೇಲಿನಿಂದ ಕೆಳಗೆ ಓಡುವ ಗೆರೆ, ಮುಚ್ಚಿದ ಬಾಗಿಲಿನ ಕಮಾನು, ಕಿಟಕಿಯ ಸುತ್ತ ಬಣ್ಣ ಬದಲಾದ ತೇಪೆ. ಚಾನ್ಸೆಲ್‌ನ ದಕ್ಷಿಣ ಗೋಡೆಯಲ್ಲಿ ಪಾದ್ರಿಗೆಂದೇ ಮಾಡಿದ ಸಣ್ಣ ಬಾಗಿಲಿರುತ್ತದೆ. ದಕ್ಷಿಣ ಬಾಗಿಲಿನ ಆಸುಪಾಸಿನ ಕಲ್ಲಿನಲ್ಲಿ ಕೈಯಗಲದ ಅರ್ಧವೃತ್ತ, ನಡುವೆ ಒಂದು ತೂತು, ಅದರಿಂದ ಹೊರಟ ಗೀರುಗಳು ಕಂಡರೆ ಅದು ಬಲಿಪೂಜೆಯ, ಅಂದರೆ ಮಾಸ್ ಎಂಬ ಆರಾಧನೆಯ, ಹೊತ್ತು ತಿಳಿಯಲು ಕೊರೆದ ಬಿಸಿಲು ಗಡಿಯಾರ. ಅಂತಹ ಕಲ್ಲು ಉತ್ತರದ ಗೋಡೆಯಲ್ಲಿ, ಬಿಸಿಲೇ ಬೀಳದ ಕಡೆ ಸಿಕ್ಕಿದರೆ ಹಳೆಯ ಗೋಡೆ ಕೆಡವಿ ಕಲ್ಲನ್ನು ಮತ್ತೆ ಬಳಸಿದ್ದಾರೆ ಎಂದು ತಿಳಿಯಬೇಕು.

ಬಾಗಿಲಲ್ಲಿ ಎರಡು ಮೆಟ್ಟಿಲು ಕೆಳಗಿಳಿಯಬೇಕಾಗಿ ಬಂದರೆ ಅಚ್ಚರಿಪಡಬೇಡಿ. ಚರ್ಚು ಕುಸಿದಿಲ್ಲ, ಶತಮಾನಗಳ ಕಾಲ ಹೂಳಿದ ಊರಿನವರಿಂದ ಸುತ್ತಲಿನ ನೆಲವೇ ಏರಿದೆ.

ಹಂತ 3: ಕಿಟಕಿಯಿಂದ ಕಾಲವನ್ನು ಅಂದಾಜು ಮಾಡುವುದು

ಇಂಗ್ಲಿಷ್ ಮಧ್ಯಯುಗದ ವಾಸ್ತುವಿಗೆ ಇಂದು ಎಲ್ಲರೂ ಬಳಸುವ ಕಾಲವಿಭಾಗದ ಹೆಸರುಗಳನ್ನು 1817ರಲ್ಲಿ ಚಾಲ್ತಿಗೆ ತಂದವನು ಥಾಮಸ್ ರಿಕ್‌ಮನ್. ಹೆಸರುಗಳು ಹಳತಾದರೂ ಕೆಲಸಕ್ಕೆ ಬರುತ್ತವೆ.

ಸ್ಯಾಕ್ಸನ್ (1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವ ಮೊದಲು): ಕಿಟಕಿ ಚಿಕ್ಕದು, ತುದಿ ದುಂಡು ಅಥವಾ ಎರಡು ಕಲ್ಲುಗಳನ್ನು ಒರಗಿಸಿ ಮಾಡಿದ ತ್ರಿಕೋನ. ಗೋಡೆ ತೆಳು, ಆದರೆ ಎತ್ತರ. ಮೂಲೆಯಲ್ಲಿ ಒಂದು ಉದ್ದ ಕಲ್ಲು ನೆಟ್ಟಗೆ, ಅದರ ಮೇಲೆ ಒಂದು ಅಡ್ಡ, ಮತ್ತೆ ಒಂದು ನೆಟ್ಟಗೆ. ನಾರ್ಥಾಂಪ್ಟನ್‌ಶೈರ್‌ನ ಅರ್ಲ್ಸ್ ಬಾರ್ಟನ್ ಗೋಪುರದ ಮೈಮೇಲೆ ಓಡುವ ಕಲ್ಲುಪಟ್ಟಿಗಳನ್ನು ಒಮ್ಮೆ ನೋಡಿದವರಿಗೆ ಈ ಶೈಲಿ ಮರೆಯುವುದಿಲ್ಲ.

ನಾರ್ಮನ್ (1066ರಿಂದ ಸುಮಾರು 1190): ದುಂಡು ಕಮಾನು, ದಪ್ಪ ಗೋಡೆ, ಹೊರಗೆ ಸಣ್ಣದಾಗಿದ್ದು ಒಳಗೆ ಅಗಲವಾಗುತ್ತ ಹೋಗುವ ಕಿಟಕಿ. ಬಾಗಿಲ ಸುತ್ತ ಅಂಕುಡೊಂಕು ಪಟ್ಟಿ, ಕೊಕ್ಕು ಚಾಚಿದ ತಲೆಗಳು. ಆಕ್ಸ್‌ಫರ್ಡ್ ಬಳಿಯ ಇಫ್ಲಿ ಇದರ ಹಬ್ಬ. ಕಿಲ್‌ಪೆಕ್‌ನ ಸೂರಿನ ಕೆಳಗೆ 85 ಕೆತ್ತಿದ ಚಾಚುಗಲ್ಲುಗಳು ಇನ್ನೂ ಇವೆ: ನಾಯಿ, ಮೊಲ, ವಾದ್ಯ ನುಡಿಸುವವರು, ಜೊತೆಗೆ ಸಭ್ಯರು ಕಣ್ಣು ತಪ್ಪಿಸುವ ನಗ್ನ ಸ್ತ್ರೀಯ ಶಿಲ್ಪವೊಂದು. ನಮ್ಮ ದೇಗುಲಗಳ ಹೊರಗೋಡೆ ನೋಡಿ ಬೆಳೆದ ಕಣ್ಣಿಗೆ ಅದು ಅಷ್ಟೇನೂ ಗಾಬರಿ ಹುಟ್ಟಿಸುವುದಿಲ್ಲ.

ಅರ್ಲಿ ಇಂಗ್ಲಿಷ್ (ಸುಮಾರು 1190ರಿಂದ 1290): ಕಮಾನಿನ ತುದಿ ಚೂಪಾಗುತ್ತದೆ. ಲ್ಯಾನ್ಸೆಟ್ ಎಂಬ ಉದ್ದನೆಯ, ಕಿರಿದಾದ ಕಿಟಕಿಗಳು ಎರಡೋ ಮೂರೋ ಜೊತೆಯಾಗಿ ನಿಲ್ಲುತ್ತವೆ.

ಡೆಕೊರೇಟೆಡ್ (ಸುಮಾರು 1290ರಿಂದ 1350): ಇಲ್ಲಿ ನಿಧಾನವಾಗಿ ನೋಡಿ. ಕಿಟಕಿಯ ತಲೆಭಾಗದಲ್ಲಿ ಕಲ್ಲಿನ ಜಾಲರಿ ಅರಳುತ್ತದೆ. ಮೊದಲು ಕೈವಾರದಲ್ಲಿ ಬಿಡಿಸಿದಂತಹ ವೃತ್ತಗಳು, ಆಮೇಲೆ ಬಳುಕುವ ಗೆರೆ, ಜ್ವಾಲೆಯಂತಹ ಆಕಾರಗಳು. ಲಿಂಕನ್‌ಶೈರ್‌ನ ಹೆಕಿಂಗ್ಟನ್ ಮತ್ತು ಯಾರ್ಕ್‌ಶೈರ್‌ನ ಪ್ಯಾಟ್ರಿಂಗ್ಟನ್ ಈ ಕಾಲದ ಶಿಖರಗಳು. ನನ್ನ ಮಟ್ಟಿಗೆ ಇಂಗ್ಲಿಷ್ ಕಲ್ಲುಕುಟಿಗರ ಕೈ ಇದಕ್ಕಿಂತ ಸ್ವತಂತ್ರವಾಗಿ ಓಡಿದ್ದು ಬೇರೆ ಎಂದೂ ಇಲ್ಲ.

ಪರ್ಪೆಂಡಿಕ್ಯುಲರ್ (ಸುಮಾರು 1350ರಿಂದ 1540): ಬಳುಕು ಹೋಗಿ ನೇರ ಗೆರೆ ಬರುತ್ತದೆ. ಕಿಟಕಿಯ ಕಂಬಿಗಳು ಕೆಳಗಿನಿಂದ ಕಮಾನಿನ ಅಂಚಿನವರೆಗೂ ನೆಟ್ಟಗೆ ಏರುತ್ತವೆ, ಗೋಡೆ ಕರಗಿ ಗಾಜಾಗುತ್ತದೆ.

ಈಗ ಎಚ್ಚರಿಕೆ. ಕಿಟಕಿ ತನ್ನ ವಯಸ್ಸನ್ನು ಹೇಳುತ್ತದೆ, ಗೋಡೆಯದನ್ನಲ್ಲ. ಹೆಚ್ಚು ಬೆಳಕು ಬೇಕೆನಿಸಿದಾಗ ಹಳೆಯ ಗೋಡೆ ಒಡೆದು ದೊಡ್ಡ ಕಿಟಕಿ ಕೂರಿಸುವುದು ಆ ಕಾಲದ ನಿತ್ಯದ ಕೆಲಸವಾಗಿತ್ತು. ಗೋಡೆಯ ವಯಸ್ಸು ಬೇಕಾದರೆ ಹೊಸ ಕಿಟಕಿ ಕತ್ತರಿಸಿಹಾಕಿದ ಹಳೆಯ ಕಿಟಕಿಯ ಚೂರನ್ನು ಹುಡುಕಿ. ದೊಡ್ಡ ಕಿಟಕಿಯ ಪಕ್ಕ ಗಾರೆಯಲ್ಲಿ ಅಡಗಿದ ಅರ್ಧ ದುಂಡು ಕಮಾನು ಸಿಕ್ಕಿತೆಂದರೆ ಗೋಡೆ ನಾರ್ಮನ್ ಕಾಲಕ್ಕಾದರೂ ಹೋಗುತ್ತದೆ. ಇನ್ನೊಂದು ಮೋಸವೂ ಇದೆ. ವಿಕ್ಟೋರಿಯನ್ನರು ಶಿಥಿಲ ಜಾಲರಿಗಳನ್ನು ಅದೇ ವಿನ್ಯಾಸದಲ್ಲಿ ಹೊಸದಾಗಿ ಕೆತ್ತಿಸಿದರು, ಕೆಲವೊಮ್ಮೆ ತಮಗೆ ಇಷ್ಟವಾದ ವಿನ್ಯಾಸದಲ್ಲಿ. ಅಂಚು ಚಾಕುವಿನಂತೆ ಚೂಪಾಗಿದ್ದು, ಒಂದೂ ಕಲ್ಲು ಸವೆದಿಲ್ಲದಿದ್ದರೆ ಅನುಮಾನಿಸಿ.

ಹಂತ 4: ಗೋಪುರದ ಮೇಲಿನ ಗಾಯದ ಗುರುತು

ಗೋಪುರ ನೇವ್‌ಗೆ ತಾಗುವ ಮುಖದಲ್ಲಿ, ಈಗಿನ ಛಾವಣಿಗಿಂತ ಮೇಲೆ, ತಲೆಕೆಳಗಾದ ಇಂಗ್ಲಿಷ್ ವಿ ಅಕ್ಷರದ ಗೆರೆ ಕಾಣುತ್ತದೆಯೇ? ಹಿಂದೆ ಅಲ್ಲಿ ಕಡಿದಾದ ಇಳಿಜಾರಿನ ಛಾವಣಿ ಇತ್ತು. ಹುಲ್ಲು ಅಥವಾ ಹಂಚು ಹೊದಿಸಿದ ಛಾವಣಿಗೆ ನೀರು ಹರಿಯಲು ಇಳಿಜಾರು ಬೇಕು, ಸೀಸದ ತಗಡು ಹೊದಿಸಿದರೆ ಬೇಡ. ಹದಿನೈದನೆಯ ಶತಮಾನದಲ್ಲಿ ಹಣ ಬಂದ ಊರುಗಳು ಛಾವಣಿ ಕಿತ್ತು, ಗೋಡೆಯನ್ನು ಎತ್ತರಿಸಿ, ಮೇಲೆ ಕ್ಲಿಯರ್‌ಸ್ಟೋರಿ ಎಂಬ ಕಿಟಕಿಸಾಲು ಸೇರಿಸಿ, ಅದರ ಮೇಲೆ ಬಹುತೇಕ ಮಟ್ಟಸವಾದ ಸೀಸದ ಛಾವಣಿ ಹಾಕಿದವು. ಅಂಥ ಕಡೆ ಹಳೆಯ ಛಾವಣಿಯ ಗೆರೆ ಒಳಗಿನಿಂದಲೂ ಕಾಣಬಹುದು. ಆ ಸೀಸವೇ ಇಂದಿನ ತಲೆನೋವು. ಕಳ್ಳರು ರಾತ್ರೋರಾತ್ರಿ ಕಿತ್ತೊಯ್ಯುತ್ತಾರೆ, ಹೀಗಾಗಿ ಹಲವೆಡೆ ಸ್ಟೀಲ್ ತಗಡಿಗೆ ಅನುಮತಿ ಕೊಡಲಾಗಿದೆ.

ಹಂತ 5: ಹಣ ಯಾರದು?

ಚರ್ಚು ದೊಡ್ಡದಾಗಿದ್ದು ಊರು ಚಿಕ್ಕದಾಗಿದ್ದರೆ ಉತ್ತರ ಬಹುಪಾಲು ಕುರಿಯ ಬೆನ್ನ ಮೇಲಿದೆ. ಉಣ್ಣೆ ಮತ್ತು ಬಟ್ಟೆಯ ವ್ಯಾಪಾರ ಸಫೋಕ್ ಮತ್ತು ಕಾಟ್ಸ್‌ವೋಲ್ಡ್ಸ್‌ನ ಹಳ್ಳಿಗಳನ್ನು ಸಿರಿವಂತವಾಗಿಸಿತು. ಲ್ಯಾವೆನ್‌ಹ್ಯಾಮ್‌ನ 141 ಅಡಿ ಎತ್ತರದ ಗೋಪುರಕ್ಕೆ ಬಟ್ಟೆ ವ್ಯಾಪಾರಿ ಸ್ಪ್ರಿಂಗ್ ಮನೆತನವೂ ಆಕ್ಸ್‌ಫರ್ಡಿನ ಅರ್ಲ್ ಆಗಿದ್ದ ಜಾನ್ ಡಿ ವೇರ್‌ನೂ ಹಣ ಸುರಿದರು. ಡಿ ವೇರ್ ಮನೆತನದ ನಕ್ಷತ್ರ, ಕಾಡುಹಂದಿ, ಸ್ಪ್ರಿಂಗ್ ಮನೆತನದ ಗುರುತು ಎಲ್ಲವೂ ಕಲ್ಲಿನಲ್ಲಿವೆ. ಹೆಸರಿನ ಆಸೆ ಎರಡೂ ಕಡೆ ಸಮಸಮವಾಗಿತ್ತು.

ಹತ್ತಿರದ ಲಾಂಗ್ ಮೆಲ್‌ಫರ್ಡ್‌ನಲ್ಲಿ ಇದು ಇನ್ನೂ ನೇರ. ಹದಿನೈದನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಚರ್ಚಿನ ಹೊರಗೋಡೆಯ ಮೇಲ್ಭಾಗದಲ್ಲಿ ಫ್ಲಿಂಟ್ ನಡುವೆ ಕಲ್ಲಿನ ಅಕ್ಷರಗಳನ್ನು ಕೂರಿಸಿ, ದಾನಿಗಳ ಆತ್ಮಕ್ಕಾಗಿ ಪ್ರಾರ್ಥಿಸಿರಿ ಎಂದು ಹೆಸರು ಹಿಡಿದು ಬರೆಸಿದ್ದಾರೆ. ಸತ್ತ ಮೇಲೆ ಶುದ್ಧೀಕರಣದ ಯಾತನೆಯ ಕಾಲ ಕಡಿಮೆಯಾಗಬೇಕೆಂದರೆ ಬದುಕಿರುವವರ ಪ್ರಾರ್ಥನೆ ಬೇಕು. ಈ ನಂಬಿಕೆಯೇ ಅಂದಿನ ಕಟ್ಟಡ ಕೆಲಸದ ಬಂಡವಾಳ. ಬೈನಾಕ್ಯುಲರ್ ತೆಗೆದು ಸೂರಿನ ಸಾಲು, ಗೋಪುರದ ಬುಡ, ಕಿಟಕಿಯ ಗಾಜು, ಮುಖಮಂಟಪದ ಮೂಲೆ ಎಲ್ಲೆಡೆ ಲಾಂಛನ ಮತ್ತು ವ್ಯಾಪಾರಿ ಗುರುತುಗಳನ್ನು ಹುಡುಕಿ.

ಯಾರು ಯಾವ ಭಾಗಕ್ಕೆ ಹಣ ಕೊಡಬೇಕು ಎಂಬ ನಿಯಮವೂ ಕಟ್ಟಡದಲ್ಲಿ ಕಾಣುತ್ತದೆ. ಚಾನ್ಸೆಲ್ಲಿನ ದುರಸ್ತಿ ದಶಮಾಂಶ, ಅಂದರೆ ಊರಿನ ಉತ್ಪನ್ನದ ಹತ್ತರಲ್ಲೊಂದು ಪಾಲು, ಪಡೆಯುವ ರೆಕ್ಟರ್ ಎಂಬ ಪಾದ್ರಿಯ ಹೊಣೆ, ನೇವ್ ಊರಿನವರದು. ಹೀಗಾಗಿ ಭವ್ಯ ನೇವ್‌ಗೆ ಬಡಕಲು ಚಾನ್ಸೆಲ್ ಅಂಟಿಕೊಂಡಿರುವುದುಂಟು, ಇದಕ್ಕೆ ತದ್ವಿರುದ್ಧವೂ ಉಂಟು. ಆ ಹೊಣೆ ಇಂದಿಗೂ ಪೂರ್ತಿ ಸತ್ತಿಲ್ಲ. ವಾರಿಕ್‌ಶೈರ್‌ನ ಆಸ್ಟನ್ ಕ್ಯಾಂಟ್ಲೋ ಎಂಬಲ್ಲಿ ಹಳೆಯ ದಶಮಾಂಶದ ಹಕ್ಕಿಗೆ ಸೇರಿದ್ದ ಜಮೀನಿನ ಒಡೆಯರೇ ಚಾನ್ಸೆಲ್ ರಿಪೇರಿಯ ಖರ್ಚು ಹೊರಬೇಕೆಂಬ ವಾದವನ್ನು 2003ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಎತ್ತಿಹಿಡಿಯಿತು.

ಹಂತ 6: ಒಳಗೆ, ಮೊದಲು ಪಶ್ಚಿಮದ ತುದಿಗೆ

ಮುಖಮಂಟಪ ಸಾಮಾನ್ಯವಾಗಿ ದಕ್ಷಿಣದಲ್ಲಿರುತ್ತದೆ. ಮದುವೆಯ ಮೊದಲ ಭಾಗ ಇಲ್ಲೇ, ಬಾಗಿಲಲ್ಲೇ ನಡೆಯುತ್ತಿತ್ತು. ಊರಿನ ವ್ಯವಹಾರಗಳೂ ಇಲ್ಲೇ ಕುದುರುತ್ತಿದ್ದವು. ಬಾಗಿಲ ಪಕ್ಕ ಒಡೆದ ಬಟ್ಟಲಿನಂತಹ ಗೂಡು ಇದ್ದರೆ ಅದು ತೀರ್ಥಜಲದ ಪಾತ್ರೆ. ಒಳಹೊಕ್ಕ ಮೇಲೆ ಜಾಲರಿ ಬಾಗಿಲನ್ನು ಮುಚ್ಚಿ, ಇಲ್ಲವಾದರೆ ಹಕ್ಕಿ ನುಗ್ಗಿ ಹೊರದಾರಿ ಕಾಣದೆ ಸಾಯುತ್ತದೆ.

ಪಶ್ಚಿಮದ ಗೋಡೆಗೆ ಬೆನ್ನು ಕೊಟ್ಟು ನಿಂತು ಎರಡೂ ಕಡೆಯ ಕಮಾನುಸಾಲುಗಳನ್ನು ಹೋಲಿಸಿ. ಈ ಒಂದು ಅಭ್ಯಾಸ ಬೇರೆ ಹತ್ತು ಅಭ್ಯಾಸಗಳಿಗೆ ಸಮ. ಮೊದಲು ಗೋಡೆ ಇದ್ದ ಕಡೆ, ಜನ ಹೆಚ್ಚಾದಾಗ ಅಥವಾ ಹೊಸ ಬಲಿಪೀಠ ಬೇಕೆನಿಸಿದಾಗ, ಗೋಡೆಯನ್ನು ಕೊರೆದು ಕಂಬಗಳನ್ನು ನಿಲ್ಲಿಸಿ ಪಕ್ಕದಲ್ಲಿ ಐಲ್ ಎಂಬ ಉದ್ದನೆಯ ಪಡಸಾಲೆ ಸೇರಿಸುತ್ತಿದ್ದರು. ಎರಡೂ ಕಡೆಗೆ ಒಟ್ಟಿಗೆ ಹಣ ಸಿಗುತ್ತಿರಲಿಲ್ಲ. ಉತ್ತರದಲ್ಲಿ ದುಂಡು ಕಂಬ, ದುಂಡು ಕಮಾನು, ದಕ್ಷಿಣದಲ್ಲಿ ಎಂಟು ಮುಖದ ಕಂಬ, ಚೂಪು ಕಮಾನು ಇದ್ದರೆ ನಡುವೆ ನೂರೈವತ್ತು ವರ್ಷ ಸರಿದಿದೆ ಎಂದು ಅಂದಾಜು ಮಾಡಬಹುದು. ಉತ್ತರದ್ದು ಹಳೆಯದಾಗಿರುವುದೇ ಹೆಚ್ಚು, ಏಕೆಂದರೆ ದಕ್ಷಿಣದ ಬಿಸಿಲಿನ ನೆಲದಲ್ಲಿ ಆಗಲೇ ಸಮಾಧಿಗಳು ತುಂಬಿರುತ್ತಿದ್ದವು. ಎರಡು ಕಮಾನುಗಳ ನಡುವೆ ವಿನಾಕಾರಣ ದಪ್ಪ ಗೋಡೆಯ ತುಂಡು ಉಳಿದಿದ್ದರೆ, ಹಳೆಯ ಚರ್ಚಿನ ಪಶ್ಚಿಮದ ಗೋಡೆ ಅಲ್ಲಿಗೆ ಮುಗಿಯುತ್ತಿತ್ತು, ಆಮೇಲೆ ಕಟ್ಟಡ ಬೆಳೆಯಿತು ಎಂದರ್ಥ.

ಹಂತ 7: ಎಲ್ಲಿಗೂ ತಲುಪದ ಮೆಟ್ಟಿಲು

ನೇವ್ ಮತ್ತು ಚಾನ್ಸೆಲ್ ನಡುವಿನ ಕಮಾನಿನ ಪಕ್ಕ, ಗೋಡೆಯೊಳಗೆ, ಕಿರಿದಾದ ಮೆಟ್ಟಿಲೊಂದು ಏರಿ ಹತ್ತು ಹನ್ನೆರಡು ಅಡಿ ಮೇಲೆ ಬರಿ ಗಾಳಿಗೆ ತೆರೆದುಕೊಳ್ಳುವುದನ್ನು ಬಹಳ ಚರ್ಚುಗಳಲ್ಲಿ ಕಾಣುತ್ತೀರಿ. ಇಡೀ ಕಟ್ಟಡದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಜಾಗ ಇದು.

ಹದಿನೈದನೆಯ ಶತಮಾನದ ಹೊತ್ತಿಗೆ ಪ್ರತಿ ಊರ ಚರ್ಚಿನಲ್ಲೂ ಇಲ್ಲಿ ಮರದ ತೆರೆಗೋಡೆ, ಅದರ ಮೇಲೆ ಒಂದು ಅಟ್ಟ, ಅಟ್ಟದ ಮೇಲೆ ಶಿಲುಬೆಗೇರಿದ ಯೇಸುವಿನ ದೊಡ್ಡ ಮೂರ್ತಿ ಇರುತ್ತಿತ್ತು. ಇದೇ ರೂಡ್. ಇಕ್ಕೆಲಗಳಲ್ಲಿ ಮರಿಯಳೂ ಯೋಹಾನನೂ ನಿಂತಿರುತ್ತಿದ್ದರು. ಅಟ್ಟಕ್ಕೆ ಹತ್ತಿ ದೀಪ ಹಚ್ಚಲು ಈ ಮೆಟ್ಟಿಲು. ಹಿಂದಿನ ಕಮಾನಿನ ಮೇಲೆ ಅಂತಿಮ ತೀರ್ಪಿನ ಚಿತ್ರ: ಒಂದು ಕಡೆ ಸ್ವರ್ಗಕ್ಕೆ ಹೊರಟವರು, ಇನ್ನೊಂದು ಕಡೆ ನರಕದ ಬಾಯಿಗೆ ಬೀಳುವವರು. ಅಕ್ಷರ ತಿಳಿಯದ ರೈತನೂ ಪ್ರತಿ ವಾರ ಓದಬಹುದಾದ ಗೋಡೆ.

1534ರಲ್ಲಿ ದೊರೆ ಎಂಟನೆಯ ಹೆನ್ರಿ ರೋಮಿನ ಪೋಪನ ಅಧಿಕಾರದಿಂದ ಬೇರ್ಪಟ್ಟಾಗ ಊರ ಚರ್ಚಿನ ಒಳಾಂಗಣ ಅಷ್ಟಾಗಿ ಬದಲಾಗಲಿಲ್ಲ. ಅವನ ಮಗ ಆರನೆಯ ಎಡ್ವರ್ಡನ ಆಳ್ವಿಕೆಯಲ್ಲಿ, 1547 ಮತ್ತು 1548ರಲ್ಲಿ, ಮೂರ್ತಿಗಳನ್ನು ಕೀಳುವ ಆಜ್ಞೆಗಳು ಬಂದವು. ಕ್ಯಾಥೊಲಿಕ್ ನಂಬಿಕೆಯ ಮೇರಿ ರಾಣಿ 1553ರಲ್ಲಿ ಬಂದು ಮತ್ತೆ ಮೂರ್ತಿ ನಿಲ್ಲಿಸಿರಿ ಎಂದಳು, ಊರಿನವರು ಮತ್ತೆ ಹಣ ಕೂಡಿಸಿದರು. 1558ರಲ್ಲಿ ಎಲಿಜಬೆತ್ ಬಂದಳು, ಮತ್ತೆ ಕಿತ್ತರು. 1561ರ ರಾಜಾಜ್ಞೆ ಅಟ್ಟವನ್ನು ತೆಗೆಯಿರಿ, ಕೆಳಗಿನ ತೆರೆಯನ್ನು ಉಳಿಸಿರಿ ಎಂದು ಹೇಳಿತು. ಮೆಟ್ಟಿಲು ಗೋಡೆಯೊಳಗೇ ಇದ್ದುದರಿಂದ ಕೀಳುವ ಗೋಜಿಗೆ ಯಾರೂ ಹೋಗಲಿಲ್ಲ. ನಾರ್ಫೋಕ್‌ನ ರ್‍ಯಾನ್‌ವರ್ತ್‌ನಲ್ಲಿ ಸಂತರ ಚಿತ್ರಗಳಿರುವ ತೆರೆ ಇನ್ನೂ ಬಣ್ಣದೊಂದಿಗೆ ನಿಂತಿದೆ. ಡೆವನ್‌ನ ಕಲಂಪ್ಟನ್‌ನಲ್ಲಿ ರೂಡ್ ನಿಂತಿದ್ದ ಓಕ್ ಮರದ ಬುಡ, ತಲೆಬುರುಡೆ ಮತ್ತು ಬಂಡೆಗಳನ್ನು ಕೆತ್ತಿದ್ದು, ಉಳಿದಿದೆ. ಮೇಲಿನ ಮೂರ್ತಿಗಳಿಲ್ಲ.

ಸಫೋಕ್‌ನ ವೆನ್‌ಹ್ಯಾಸ್ಟನ್‌ನ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅಲ್ಲಿನ ತೀರ್ಪಿನ ಚಿತ್ರವನ್ನು ಹಲಗೆಯ ಮೇಲೆ ಬರೆದಿದ್ದರು. ಮೂರ್ತಿಗಳನ್ನು ಕಿತ್ತ ಆ ಧರ್ಮಸುಧಾರಣೆಯ ಕಾಲದಲ್ಲಿ ಅದಕ್ಕೆ ಸುಣ್ಣ ಬಳಿದರು, ಎಲ್ಲರೂ ಮರೆತರು. 1892ರಲ್ಲಿ ದುರಸ್ತಿ ನಡೆದಾಗ ಹಲಗೆಗಳನ್ನು ಕಿತ್ತು ಕಸವೆಂದು ಅಂಗಳಕ್ಕೆ ಹಾಕಿದರು. ರಾತ್ರಿ ಮಳೆ ಬಂತು, ಸುಣ್ಣ ತೊಳೆದುಹೋಯಿತು, ಬೆಳಗ್ಗೆ ನೋಡಿದರೆ ಹಲಗೆಯ ಮೇಲೆ ದೆವ್ವಗಳು. ಈಗ ಅದನ್ನು ಚರ್ಚಿನೊಳಗೆ ನೋಡಬಹುದು. ಚಿತ್ರದ ನಡುವೆ ಶಿಲುಬೆ ಮತ್ತು ಎರಡು ಮೂರ್ತಿಗಳ ಆಕಾರದಲ್ಲಿ ಬಣ್ಣವಿಲ್ಲದ ಖಾಲಿ ಜಾಗವಿದೆ. ರೂಡ್ ನಿಂತದ್ದು ಅಲ್ಲೇ.

ನಿಮ್ಮ ಚರ್ಚಿನಲ್ಲಿ ಮಾಡಬೇಕಾದ್ದು: ಮೆಟ್ಟಿಲಿನ ಮೇಲಿನ ಬಾಗಿಲನ್ನು ಗುರುತಿಸಿ, ಅದೇ ಎತ್ತರದಲ್ಲಿ ಕಮಾನಿನ ಎರಡೂ ಕಡೆ ತೊಲೆ ಕೂತಿದ್ದ ಕಚ್ಚುಗಳನ್ನು ಹುಡುಕಿ, ಅಟ್ಟದ ಮಟ್ಟವನ್ನು ಮನಸ್ಸಿನಲ್ಲೇ ಎಳೆದುನೋಡಿ. ಆ ಭಾಗಕ್ಕೆ ಬೆಳಕು ಬೀಳಲೆಂದು ಎತ್ತರದಲ್ಲಿ ಒಂದೇ ಒಂದು ಹೆಚ್ಚಿನ ಕಿಟಕಿ ಇರುವುದೂ ಉಂಟು.

ಹಂತ 8: ಚಾನ್ಸೆಲ್ಲಿನ ದಕ್ಷಿಣ ಗೋಡೆ, ಆಮೇಲೆ ನೆಲ

ಬಲಿಪೀಠದ ಬಲಕ್ಕೆ ಗೋಡೆಯಲ್ಲಿ ನೀರು ಇಂಗುವ ತೂತಿರುವ ಸಣ್ಣ ಬೋಗುಣಿ ಪಿಸೀನಾ. ಪಾತ್ರೆ ತೊಳೆದ ನೀರು ಪವಿತ್ರ ನೆಲಕ್ಕೇ ಹೋಗಬೇಕಲ್ಲ. ಐಲಿನ ತುದಿಯಲ್ಲೂ ಪಿಸೀನಾ ಸಿಕ್ಕಿದರೆ ಅಲ್ಲೂ ಒಂದು ಬಲಿಪೀಠ ಇತ್ತೆಂಬುದಕ್ಕೆ ಸಾಕ್ಷಿ. ಪಕ್ಕದ ಮೂರು ಕಲ್ಲುಪೀಠಗಳು ಪೂಜೆ ನಡೆಸುವವರಿಗೆ. ಉತ್ತರದ ಗೋಡೆಯಲ್ಲಿ ಈಸ್ಟರ್ ಸಮಾಧಿ: ಶುಭ ಶುಕ್ರವಾರದಿಂದ ಈಸ್ಟರ್ ಬೆಳಗಿನವರೆಗೆ ಪರಮಪ್ರಸಾದವನ್ನು ಯೇಸುವಿನ ದೇಹವೆಂದು ಇಲ್ಲಿ ಇರಿಸಿ ಕಾವಲು ಕೂರುತ್ತಿದ್ದರು. ಹೆಕಿಂಗ್ಟನ್‌ನಲ್ಲಿ ರಾಜಸೇವೆಯಲ್ಲಿದ್ದ ರೆಕ್ಟರ್ ರಿಚರ್ಡ್ ಡಿ ಪಾಟ್ಸ್‌ಗ್ರೇವ್ ಕಟ್ಟಿಸಿದ ಚಾನ್ಸೆಲ್ಲಿನಲ್ಲಿ ಇದರ ಅತ್ಯುತ್ತಮ ಮಾದರಿ ಇದೆ. ಬುಡದಲ್ಲಿ ಕಾವಲಿನ ಸೈನಿಕರು ಕಲ್ಲಿನಲ್ಲಿ ತೂಕಡಿಸುತ್ತಿದ್ದಾರೆ.

ಈಗ ನೆಲ ನೋಡಿ. 1550ರಲ್ಲಿ ಕಲ್ಲಿನ ಬಲಿಪೀಠಗಳನ್ನು ಕಿತ್ತು ಮರದ ಮೇಜು ಇಡಬೇಕೆಂಬ ಆಜ್ಞೆಯಾಯಿತು. ಕಿತ್ತ ಚಪ್ಪಡಿಗಳನ್ನು ಹಲವೆಡೆ ನೆಲಕ್ಕೆ ಹಾಸಿದರು, ಬೇಕೆಂದೇ ಜನರ ಕಾಲಡಿಗೆ. ನಾಲ್ಕು ಮೂಲೆಗಳಲ್ಲಿ ಮತ್ತು ನಡುವೆ ಒಟ್ಟು ಐದು ಸಣ್ಣ ಶಿಲುಬೆ ಕೊರೆದ ದೊಡ್ಡ ಚಪ್ಪಡಿ ಕಂಡರೆ ನೀವು ಮಧ್ಯಯುಗದ ಬಲಿಪೀಠವನ್ನು ಮೆಟ್ಟಿ ನಿಂತಿದ್ದೀರಿ.

ಹಂತ 9: ಜ್ಞಾನಸ್ನಾನದ ತೊಟ್ಟಿ

ಕಟ್ಟಡವನ್ನು ಮೂರು ಸಲ ಕೆಡವಿ ಕಟ್ಟಿದ ಊರೂ ತೊಟ್ಟಿಯನ್ನು ಬಿಸಾಡಲು ಹಿಂಜರಿಯುತ್ತಿತ್ತು. ಹೀಗಾಗಿ ಬಾಗಿಲ ಬಳಿಯ ತೊಟ್ಟಿ ಸುತ್ತಲಿನ ಗೋಡೆಗಿಂತ ಹಳೆಯದಾಗಿರುವ ಸಾಧ್ಯತೆ ಬಹಳ. ಅಂಚಿನಲ್ಲಿ ಕಬ್ಬಿಣದ ಕೊಂಡಿಯ ಗುರುತು ಅಥವಾ ಮುರಿದ ಕಲ್ಲು ಇದೆಯೇ ನೋಡಿ. ಪವಿತ್ರ ನೀರನ್ನು ಮಾಟಕ್ಕೆ ಕದಿಯದಂತೆ ಮುಚ್ಚಳಕ್ಕೆ ಬೀಗ ಹಾಕಬೇಕೆಂದು 1236ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ಆದೇಶಿಸಿದ್ದ. ನಾರ್ಫೋಕ್ ಮತ್ತು ಸಫೋಕ್‌ಗಳಲ್ಲಿ ಎಂಟು ಮುಖದ ತೊಟ್ಟಿಯ ಏಳು ಮುಖಗಳಲ್ಲಿ ಜ್ಞಾನಸ್ನಾನ, ಮದುವೆ ಮೊದಲಾದ ಏಳು ಸಂಸ್ಕಾರಗಳನ್ನು ಕೆತ್ತಿದ ಮಾದರಿ ಸಿಗುತ್ತದೆ. ಎಂಟನೆಯ ಮುಖಕ್ಕೆ ಏನು ಆರಿಸಿದ್ದಾರೆ ಎಂಬುದು ಊರಿಂದ ಊರಿಗೆ ಬೇರೆ.

ಹಂತ 10: ಟಾರ್ಚನ್ನು ಗೋಡೆಗೆ ಒರಗಿಸಿ

ಬೆಳಕನ್ನು ನೇರವಾಗಿ ಹಾಕಿದರೆ ಏನೂ ಕಾಣುವುದಿಲ್ಲ. ಟಾರ್ಚನ್ನು ಗೋಡೆಗೆ ತಾಗುವಂತೆ ಅಡ್ಡ ಹಿಡಿಯಿರಿ. ಕಂಬಗಳ ಮೇಲೆ ಹಡಗು, ಮುಖ, ಕೈವಾರದಲ್ಲಿ ಕೊರೆದ ಆರೆಸಳಿನ ಹೂವು ಎದ್ದು ಬರುತ್ತವೆ. ಹರ್ಟ್‌ಫರ್ಡ್‌ಶೈರ್‌ನ ಆಶ್ವೆಲ್ ಚರ್ಚಿನ ಗೋಪುರದೊಳಗಿನ ಗೋಡೆಯಲ್ಲಿ ಲ್ಯಾಟಿನ್‌ನಲ್ಲಿ ಗೀರಿದ ಸಾಲುಗಳಿವೆ. 1348ರಲ್ಲಿ ಬಂದ ಮಹಾಮಾರಿಯ ನಂತರದ್ದು. ಸಾಕ್ಷಿ ಹೇಳಲು ಉಳಿದದ್ದು ಜನರಲ್ಲಿ ಹೀನರಾದವರು ಮಾತ್ರ ಎಂದು ಬರೆದವನು ತನ್ನನ್ನೂ ಸೇರಿಸಿಕೊಂಡು ಹಳಿದಿದ್ದಾನೆ. ಕೊನೆಗೆ, ಸಂತ ಮಾರನ ಹಬ್ಬದಂದು ಎದ್ದ ಭಾರಿ ಬಿರುಗಾಳಿಯ ಉಲ್ಲೇಖ. ಅದೇ ಚರ್ಚಿನಲ್ಲಿ ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್‌ನದೆಂದು ನಂಬಲಾದ ಗೀರುಚಿತ್ರವೂ ಇದೆ. ಗೀರುಗಳನ್ನು ಮುಟ್ಟಬೇಡಿ, ಕಾಗದವಿಟ್ಟು ಉಜ್ಜಬೇಡಿ. ಛಾಯಾಚಿತ್ರ ಸಾಕು.

ಹಂತ 11: ಬಣ್ಣದ ಗಾಜು, ಸಮಾಧಿ ಫಲಕ

ಮಧ್ಯಯುಗದ ಗಾಜು ಪೂರ್ತಿಯಾಗಿ ಉಳಿದದ್ದು ತೀರಾ ಕಡಿಮೆ. 1643 ಮತ್ತು 1644ರಲ್ಲಿ ವಿಲಿಯಂ ಡೌಸಿಂಗ್ ಎಂಬ, ಚರ್ಚಿನಲ್ಲಿ ಚಿತ್ರ ಮೂರ್ತಿಗಳನ್ನು ಒಪ್ಪದ ಪ್ಯೂರಿಟನ್ ಪಂಥದ ಅಧಿಕಾರಿ ಕೇಂಬ್ರಿಜ್‌ಶೈರ್ ಮತ್ತು ಸಫೋಕ್‌ನ ಚರ್ಚುಗಳನ್ನು ಸುತ್ತಿ ಚಿತ್ರಗಳನ್ನು ಒಡೆಸಿದ, ಒಡೆಸಿದ್ದರ ಲೆಕ್ಕವನ್ನು ದಿನಚರಿಯಲ್ಲಿ ಬರೆದಿಟ್ಟ. ಪೂರ್ತಿ ಸರಣಿ ಬೇಕಾದರೆ ಗ್ಲಾಸ್ಟರ್‌ಶೈರ್‌ನ ಫೇರ್‌ಫರ್ಡ್‌ಗೆ ಹೋಗಿ. ಉಣ್ಣೆ ವ್ಯಾಪಾರಿ ಜಾನ್ ಟೇಮ್ ಮತ್ತೆ ಕಟ್ಟಿಸಿದ ಆ ಚರ್ಚಿನಲ್ಲಿ ಸುಮಾರು 1500ರಿಂದ 1517ರ ನಡುವಿನ 28 ಕಿಟಕಿಗಳ ಗಾಜಿದೆ. ಉಳಿದೆಡೆ, ಕಿಟಕಿಯ ಮೇಲ್ತುದಿಯ ಸಣ್ಣ ಕಂಡಿಗಳನ್ನು ಬೈನಾಕ್ಯುಲರ್‌ನಲ್ಲಿ ನೋಡಿ. ಕೋಲು ತಲುಪದ ಎತ್ತರದಲ್ಲಿ ಒಬ್ಬ ದೇವದೂತನೋ ಇಬ್ಬರೋ ಬದುಕಿಕೊಂಡಿರುತ್ತಾರೆ.

ಗೋಡೆಯ ಅಮೃತಶಿಲೆಯ ಫಲಕಗಳನ್ನು ಓದದೆ ಹೋಗಬೇಡಿ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡಿದು ಬಂದವರ ಹೆಸರುಗಳು ಅಲ್ಲಿ ಸಿಗುತ್ತವೆ. ಕೆಂಟ್‌ನ ಥ್ರೋಲಿ ಚರ್ಚಿನಲ್ಲಿ ಜಾರ್ಜ್ ಹ್ಯಾರಿಸ್‌ನ ಸ್ಮಾರಕವಿದೆ. 1799ರಲ್ಲಿ ಟಿಪ್ಪು ಸತ್ತ ಶ್ರೀರಂಗಪಟ್ಟಣದ ಮುತ್ತಿಗೆಯ ಸೇನಾಪತಿ ಇವನೇ, 1815ರಲ್ಲಿ ದೊರೆತ ಬಿರುದಿನಲ್ಲಿ ಶ್ರೀರಂಗಪಟ್ಟಣ ಮತ್ತು ಮೈಸೂರು ಎರಡೂ ಹೆಸರುಗಳಿವೆ. ಕಾವೇರಿ ದಡದಲ್ಲಿ ಗೆದ್ದ ಹೆಸರು ಕೆಂಟಿನ ಹಳ್ಳಿಯೊಂದರಲ್ಲಿ ನೆಲೆಯೂರಿದೆ.

ಹಂತ 12: ವಿಕ್ಟೋರಿಯನ್ ಪದರವನ್ನು ಬೇರೆ ಮಾಡುವುದು

ಹೊಳೆಯುವ ಬಣ್ಣದ ನೆಲಹಂಚು, ಒಂದೇ ಬಗೆಯ ಪೈನ್ ಬೆಂಚುಗಳು, ಗಾರೆ ಕೆರೆದು ಬತ್ತಲೆ ಮಾಡಿದ ಒಳಗೋಡೆ ಇವೆಲ್ಲ ಬಹುತೇಕ 1840ರಿಂದ 1890ರೊಳಗಿನವು. ಬರಿಗಲ್ಲಿನ ಒಳಗೋಡೆಯೇ ಪ್ರಾಚೀನ ಎಂದು ಬಗೆಯಬೇಡಿ, ಮಧ್ಯಯುಗದಲ್ಲಿ ಅದಕ್ಕೆ ಗಾರೆಯೂ ಬಣ್ಣವೂ ಇತ್ತು, ಕೆರೆದಾಗ ಚಿತ್ರಗಳೂ ಹೋದವು. ಜಾರ್ಜ್ ಗಿಲ್ಬರ್ಟ್ ಸ್ಕಾಟ್‌ನಂತಹ ವಾಸ್ತುಶಿಲ್ಪಿಗಳ ಜೀರ್ಣೋದ್ಧಾರ ಕಂಡು ರೇಗಿದ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ. ಅವನ ವಾದ ಸರಳ: ಸೋರುವುದನ್ನು ನಿಲ್ಲಿಸಿ, ಹಳೆಯದನ್ನು ಹೊಸದಾಗಿ ನಟಿಸಬೇಡಿ. ಆದರೂ ವಿಕ್ಟೋರಿಯನ್ನರನ್ನು ಪೂರ್ತಿ ಬೈಯಲು ನನಗೆ ಮನಸ್ಸಿಲ್ಲ. ಅವರು ಛಾವಣಿ ಹಾಕದಿದ್ದರೆ ಎಷ್ಟೋ ಗೋಡೆಗಳು ಇಂದು ನಿಂತಿರುತ್ತಿರಲಿಲ್ಲ.

ಸ್ಥಳೀಯರು ಹೇಳುವ ಕಥೆಗಳು

ಚರ್ಚಿನ ಕೈಪಿಡಿಯಲ್ಲಿ ಅಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ಕಥೆಗಳನ್ನು ನಂಬಬೇಡಿ. ಕಾಲು ಅಡ್ಡ ಹಾಕಿ ಮಲಗಿದ ಯೋಧನ ಪ್ರತಿಮೆ ಧರ್ಮಯುದ್ಧಕ್ಕೆ ಹೋದವನದೇ ಆಗಬೇಕಿಲ್ಲ, ಅದು ಅಂದಿನ ಕೆತ್ತನೆಯ ರೂಢಿ. ಚಾನ್ಸೆಲ್ ಸ್ವಲ್ಪ ಓರೆಯಾಗಿರುವುದು ಶಿಲುಬೆಯ ಮೇಲೆ ವಾಲಿದ ಯೇಸುವಿನ ತಲೆಯ ಸಂಕೇತ ಎಂಬುದಕ್ಕೆ ಆಧಾರವಿಲ್ಲ, ಒಂದು ಭಾಗವನ್ನು ಬೇರೆ ಕಾಲದಲ್ಲಿ ಕಟ್ಟುವಾಗ ಅಳತೆ ತಪ್ಪಿದೆ ಅಷ್ಟೆ. ಕೆಳಮಟ್ಟದ ಸಣ್ಣ ಕಿಟಕಿಯನ್ನು ಕುಷ್ಠರೋಗಿಗಳ ಕಿಟಕಿ ಎನ್ನುವುದೂ ಅಂಥದ್ದೇ. ಸಫೋಕ್‌ನ ಬ್ಲೈತ್‌ಬರ್ಗ್‌ನ ಬಾಗಿಲಿನ ಸುಟ್ಟ ಕಲೆಗಳನ್ನು 1577ರ ಆಗಸ್ಟ್ ಬಿರುಗಾಳಿಯಲ್ಲಿ ಬಂದ ಕರಿನಾಯಿ ರೂಪದ ಸೈತಾನನ ಉಗುರಿನ ಗುರುತೆಂದು ತೋರಿಸುತ್ತಾರೆ. ಇದನ್ನು ಮಾತ್ರ ತಕರಾರಿಲ್ಲದೆ ಕೇಳಿಸಿಕೊಳ್ಳಿ, ಆಮೇಲೆ ತಲೆಯೆತ್ತಿ ಛಾವಣಿಯ ಮರದ ದೇವದೂತರನ್ನು ನೋಡಿ.

ಬರೆದಿಡುವುದು, ಮುಂದೆ ಹೋಗುವುದು

ಚೌಕುಳಿ ಕಾಗದದಲ್ಲಿ ನೆಲದ ನಕ್ಷೆ ಎಳೆದು ಪ್ರತಿ ಕಾಲಕ್ಕೂ ಒಂದು ಬಣ್ಣ ತುಂಬಿ. ಮೊದಲು ನಿಮ್ಮ ಊಹೆ, ಆಮೇಲೆ ಮೇಜಿನ ಮೇಲಿನ ಕೈಪಿಡಿ, ಈ ಕ್ರಮ ತಪ್ಪಿಸಬೇಡಿ. ಎರಡಕ್ಕೂ ತಾಳೆಯಾಗದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡಿ. ಆಸಕ್ತಿ ಬೆಳೆದರೆ ಪ್ರಾಂತ್ಯದ ದಾಖಲೆ ಕಚೇರಿಗೆ ಹೋಗಿ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆಯಿಂದ ಶುರುವಾದ ಜ್ಞಾನಸ್ನಾನ, ಮದುವೆ, ಸಾವಿನ ದಾಖಲೆ ಪುಸ್ತಕಗಳು ಅಲ್ಲಿವೆ. ಅದೃಷ್ಟವಿದ್ದರೆ ಚರ್ಚಿನ ಖರ್ಚುವೆಚ್ಚದ ಲೆಕ್ಕಪುಸ್ತಕವೂ ಸಿಗುತ್ತದೆ. ಡೆವನ್‌ನ ಮೋರ್‌ಬಾತ್ ಎಂಬ ಪುಟ್ಟ ಊರಿನ ಪಾದ್ರಿ ಕ್ರಿಸ್ಟೋಫರ್ ಟ್ರಿಕಿ 1520ರಿಂದ 1574ರವರೆಗೆ ಅಲ್ಲೇ ಇದ್ದ. ಊರು ಮೂರ್ತಿ ಕೊಂಡದ್ದು, ಮಾರಿದ್ದು, ಮತ್ತೆ ಕೊಂಡದ್ದು ಎಲ್ಲವೂ ಅವನು ಬರೆದಿಟ್ಟ ಲೆಕ್ಕಗಳಲ್ಲಿದೆ.

ಹೋಗಬೇಕಾದ ಕ್ರಮಕ್ಕೆ ನನ್ನ ಸಲಹೆ: ಕಿಲ್‌ಪೆಕ್, ಆಮೇಲೆ ನಿಮ್ಮ ಹತ್ತಿರದ ಯಾವುದಾದರೂ ಹೆಸರಿಲ್ಲದ ಹಳ್ಳಿ ಚರ್ಚು, ಆಮೇಲೆ ಹೆಕಿಂಗ್ಟನ್, ಕೊನೆಗೆ ಲಾಂಗ್ ಮೆಲ್‌ಫರ್ಡ್ ಮತ್ತು ಲ್ಯಾವೆನ್‌ಹ್ಯಾಮ್ ಒಂದೇ ದಿನ, ಎರಡರ ನಡುವಿನ ದೂರ ಅಲ್ಪ. ಪ್ರಾರ್ಥನೆ ನಿಂತುಹೋದ 350ಕ್ಕೂ ಹೆಚ್ಚು ಚರ್ಚುಗಳನ್ನು 1969ರಲ್ಲಿ ಸ್ಥಾಪನೆಯಾದ ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಉಳಿದವುಗಳ ಛಾವಣಿಯ ಖರ್ಚು ಭಾನುವಾರ ಬರುವ ಬೆರಳೆಣಿಕೆಯ ಹಿರಿಯರ ಹೆಗಲ ಮೇಲಿದೆ. ಬಾಗಿಲ ಪಕ್ಕದ ಗೋಡೆಯಲ್ಲಿ ಕಾಣಿಕೆಯ ಪೆಟ್ಟಿಗೆ ಇರುತ್ತದೆ, ಈಚೆಗೆ ಕೆಲವೆಡೆ ಕಾರ್ಡ್ ಯಂತ್ರವೂ ಇದೆ. ಕೋಟೆಯ ಟಿಕೆಟ್ಟಿಗೆ ಕೊಡುವ ಮೊತ್ತದ ಅರ್ಧವನ್ನಾದರೂ ಅಲ್ಲಿ ಹಾಕಿ.